ಚೆಂಡು ಬಿಡಿ, ಖಾಲಿ ಜಾಗ ನೋಡಿ

ಫುಟ್‌ಬಾಲ್, ಫಾರ್ಮುಲಾ ಒನ್, ರಗ್ಬಿ. ಈ ಮೂರರ ಹುಚ್ಚು ಹಿಡಿದವರಿಗೆ ಮನೆಯಲ್ಲಿ ಮೂರು ಪ್ರಶ್ನೆ ತಪ್ಪಿದ್ದಲ್ಲ. "ಒಂದೂವರೆ ಗಂಟೆ ಓಡಿ ಕೊನೆಗೆ ಒಂದೇ ಗೋಲಾ? ಇದಕ್ಕೆ ನಿದ್ದೆ ಕೆಡಬೇಕಾ?" "ಕಾರುಗಳು ಸುಮ್ನೆ ಸುತ್ತು ಹೊಡೀತಾ ಇವೆ, ಇದರಲ್ಲಿ ನೋಡೋದೇನಿದೆ?" "ಇವರೆಲ್ಲ ಯಾಕೆ ಹೀಗೆ ಒಬ್ಬರ ಮೇಲೊಬ್ಬರು ಬೀಳ್ತಾರೆ?" ಕೇಳುವವರ ತಪ್ಪೇನೂ ಇಲ್ಲ. ಆಟ ನಿಜವಾಗಿ ಎಲ್ಲಿ ನಡೀತಿದೆ ಅನ್ನೋದನ್ನು ಟಿವಿ ಸರಿಯಾಗಿ ತೋರಿಸುವುದೇ ಇಲ್ಲ.

ನನಗೆ ಈ ಮೂರೂ ಆಟ ಇಷ್ಟವಾಗಲು ಕಾರಣ ಒಂದೇ. ಮೂರರಲ್ಲೂ ಜಗಳ ಖಾಲಿ ಜಾಗಕ್ಕಾಗಿ. ಚೆಂಡು, ಕಾರು ಕಣ್ಣು ಸೆಳೆಯುತ್ತವೆ. ಆದರೆ ಯಾರೂ ಇಲ್ಲದ ಜಾಗ ಎಲ್ಲಿದೆ, ಅದು ಎಷ್ಟು ಹೊತ್ತು ಹಾಗೇ ಇರುತ್ತದೆ, ಅಲ್ಲಿಗೆ ಯಾರು ಮೊದಲು ಹೋಗುತ್ತಾರೆ ಎಂಬುದರ ಮೇಲೆ ಹೆಚ್ಚಿನ ಪಂದ್ಯಗಳು ನಿಂತಿವೆ.

ಕ್ರಿಕೆಟ್ ನೋಡುವ ನಮಗೆ ಇದು ಹೊಸದಲ್ಲ. ಬೌಲರ್ ಓಡಿ ಬರುವ ಮೊದಲೇ "ಕವರ್ಸ್ ಖಾಲಿ ಇದೆ, ಅಲ್ಲಿ ಹೊಡಿ" ಅಂತ ಕೂತಲ್ಲಿಂದಲೇ ಕೂಗುತ್ತೇವೆ. ಆದರೆ ಕ್ರಿಕೆಟ್‌ನಲ್ಲಿ ಚೆಂಡು ಬೀಳುವ ತನಕ ಫೀಲ್ಡರ್‌ಗಳು ಹೆಚ್ಚುಕಡಿಮೆ ನಿಂತಲ್ಲೇ ಇರುತ್ತಾರೆ. ಗ್ಯಾಪ್ ಎಲ್ಲಿದೆ ಅಂತ ನಿಧಾನವಾಗಿ ಎಣಿಸಬಹುದು. ಈ ಮೂರು ಆಟಗಳಲ್ಲಿ ಗ್ಯಾಪ್ ಒಂದು ಕ್ಷಣ ಇರುತ್ತದೆ, ಮರುಕ್ಷಣ ಇರುವುದಿಲ್ಲ. ಅದಕ್ಕೇ ಅದನ್ನು ಹುಡುಕಲು ಕಣ್ಣಿಗೆ ಸ್ವಲ್ಪ ಅಭ್ಯಾಸ ಬೇಕು.

ಫುಟ್‌ಬಾಲ್: ಓಡಾಡುವ ಗೆರೆ

ಫುಟ್‌ಬಾಲ್‌ನಲ್ಲಿ ಜಾಗದ ಲೆಕ್ಕವನ್ನೆಲ್ಲ ಹಿಡಿದಿಟ್ಟಿರುವುದು ಆಫ್‌ಸೈಡ್ ನಿಯಮ. ಎಲ್ಲರೂ ಬೈಯುವ ನಿಯಮವೂ ಇದೇ. ಹೇಳುವುದು ಸುಲಭ. ನಿಮ್ಮ ತಂಡದವನು ಚೆಂಡನ್ನು ಪಾಸ್ ಮಾಡುವ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿ ನೀವು ಚೆಂಡಿಗಿಂತ ಮುಂದೆ ಇದ್ದೀರಿ. ಜೊತೆಗೆ ಎದುರಾಳಿಯ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲಿಗೆ ಹತ್ತಿರ ಇದ್ದೀರಿ. ಆಗ ನೀವು ಆಫ್‌ಸೈಡ್ ಜಾಗದಲ್ಲಿದ್ದೀರಿ. ಅಲ್ಲಿಂದ ಆಟಕ್ಕೆ ಕೈಹಾಕಿದರೆ ತಪ್ಪು. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಹಾಗಾಗಿ ಲೆಕ್ಕಕ್ಕೆ ಬರುವುದು ಕೊನೆಯ ಡಿಫೆಂಡರ್. ಅವನಿಗೆ ಸಮಸಮ ಇದ್ದರೆ ತಪ್ಪಿಲ್ಲ. ಕೈ, ತೋಳು ಲೆಕ್ಕಕ್ಕಿಲ್ಲ. ಥ್ರೋ-ಇನ್, ಕಾರ್ನರ್, ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ.

ಗಮನಿಸಬೇಕಾದ ಮಾತು "ಪಾಸ್ ಮಾಡುವ ಕ್ಷಣ". ಚೆಂಡು ನಿಮ್ಮ ಕಾಲಿಗೆ ಬಂದಾಗ ನೀವು ಎಲ್ಲಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಒಳ್ಳೆಯ ಸ್ಟ್ರೈಕರ್ ಡಿಫೆಂಡರ್ ಪಕ್ಕದಲ್ಲೇ ನಿಂತು, ಪಾಸ್ ಬಿಟ್ಟ ಮೇಲೆ ಓಡಲು ಶುರು ಮಾಡುತ್ತಾನೆ. ಅರ್ಧ ಸೆಕೆಂಡ್ ಮೊದಲು ಓಡಿದರೆ ಬಾವುಟ ಮೇಲೇಳುತ್ತದೆ. ಅರ್ಧ ಸೆಕೆಂಡ್ ತಡವಾದರೆ ಡಿಫೆಂಡರ್ ಹಿಡಿಯುತ್ತಾನೆ.

ಈ ನಿಯಮದಿಂದ ಡಿಫೆಂಡರ್‌ಗಳಿಗೆ ದೊಡ್ಡ ಶಕ್ತಿ ಸಿಕ್ಕಿದೆ. ನಾಲ್ಕು ಜನ ಒಂದೇ ಸಾಲಿನಲ್ಲಿ ಮುಂದಕ್ಕೆ ಬಂದು ನಿಂತರೆ ಎದುರಾಳಿಯೂ ಗೋಲಿನಿಂದ ಅಷ್ಟೇ ದೂರ ನಿಲ್ಲಬೇಕು. 105 ಮೀಟರ್ ಉದ್ದದ ಮೈದಾನದಲ್ಲಿ ಇಪ್ಪತ್ತು ಆಟಗಾರರು ಒಂದು ಕಿರಿದಾದ ಪಟ್ಟಿಯೊಳಗೆ ಇಕ್ಕಟ್ಟಾಗುತ್ತಾರೆ. ಆದರೆ ಆ ಸಾಲಿನ ಹಿಂದೆ ಗೋಲ್‌ಕೀಪರ್ ತನಕ ಬಟ್ಟಬಯಲು. ಮುಂದೆ ಜಾಗ ಮುಚ್ಚಬೇಕಾದರೆ ಹಿಂದೆ ಜಾಗ ಬಿಟ್ಟುಕೊಡಲೇಬೇಕು. ಎಷ್ಟು ಬಿಡಬೇಕು ಅನ್ನುವುದರಲ್ಲೇ ಕೋಚ್‌ಗಳ ಜಾಣತನ.

ಇದು ಎಷ್ಟು ಸೂಕ್ಷ್ಮ ಅನ್ನುವುದಕ್ಕೆ 1925ರ ಒಂದು ಬದಲಾವಣೆ ಸಾಕು. ಅದಕ್ಕೂ ಮೊದಲು ಮುಂದಿರುವ ಆಟಗಾರ ಮತ್ತು ಗೋಲಿನ ನಡುವೆ ಎದುರಾಳಿಯ ಮೂವರು ಇರಬೇಕಿತ್ತು. ಆ ವರ್ಷ ಅದನ್ನು ಇಬ್ಬರಿಗೆ ಇಳಿಸಿದರು. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲಿ ಹಿಂದಿನ ಸೀಸನ್‌ನಲ್ಲಿ 4,700 ಗೋಲು ಬಂದಿದ್ದವು. ಮರು ಸೀಸನ್‌ನಲ್ಲಿ ಅಷ್ಟೇ ಪಂದ್ಯಗಳಲ್ಲಿ 6,373. ಆಟಗಾರರು ಅವರೇ, ಮೈದಾನ ಅದೇ. ಬದಲಾಗಿದ್ದು ಒಬ್ಬ ಡಿಫೆಂಡರ್‌ನಷ್ಟು ಜಾಗ. ಆಮೇಲೆ ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್‌ರಂಥ ಮ್ಯಾನೇಜರ್‌ಗಳು ನಡುವಿನ ಒಬ್ಬ ಆಟಗಾರನನ್ನು ಹಿಂದಕ್ಕೆ ಎಳೆದು ಆ ಜಾಗವನ್ನು ಮತ್ತೆ ಮುಚ್ಚಿದರು. ನಿಯಮ ಬಾಗಿಲು ತೆರೆಯುತ್ತದೆ, ಕೋಚ್ ಮುಚ್ಚುತ್ತಾನೆ. ನೂರು ವರ್ಷದಿಂದ ಇದೇ ನಡೆದಿದೆ.

ಕತಾರ್‌ನಲ್ಲಿ 2022ರ ವಿಶ್ವಕಪ್. ನವೆಂಬರ್ 22, ಲುಸೈಲ್ ಸ್ಟೇಡಿಯಂ. 36 ಪಂದ್ಯ ಸೋಲದೆ ಬಂದಿದ್ದ ಅರ್ಜೆಂಟೀನಾದ ಎದುರು ಸೌದಿ ಅರೇಬಿಯಾ. ಇಂಥ ಪಂದ್ಯದಲ್ಲಿ ಸಣ್ಣ ತಂಡ ಗೋಲಿನ ಮುಂದೆ ಗುಂಪುಕಟ್ಟಿ ನಿಲ್ಲುವುದು ವಾಡಿಕೆ. ಸೌದಿಯ ಕೋಚ್ ಹರ್ವೆ ರೆನಾರ್ ಡಿಫೆಂಡರ್‌ಗಳನ್ನು ನಡುಗೆರೆಯ ಕಡೆಗೆ ತಳ್ಳಿದರು. ಹಿಂದೆ ಅಷ್ಟುದ್ದದ ಖಾಲಿ ಮೈದಾನ. ಮೆಸ್ಸಿಯ ತಂಡ ಆಸೆಯಿಂದ ಆ ಜಾಗಕ್ಕೆ ಮತ್ತೆ ಮತ್ತೆ ಓಡಿತು. ಮೊದಲರ್ಧದಲ್ಲೇ ಏಳು ಆಫ್‌ಸೈಡ್. ಚೆಂಡನ್ನು ಮೂರು ಸಲ ಬಲೆಗೆ ಸೇರಿಸಿದರೂ ಮೂರೂ ರದ್ದು. ಆ ಟೂರ್ನಿಯಲ್ಲಿ ಹನ್ನೆರಡು ಕ್ಯಾಮೆರಾಗಳು ಆಟಗಾರರ ಮೈಯ ಭಾಗಗಳನ್ನು ಹಿಂಬಾಲಿಸುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ಭುಜದಷ್ಟು ಮುಂದಿದ್ದರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ವಿರಾಮದ ನಂತರ ಐದು ನಿಮಿಷದ ಅಂತರದಲ್ಲಿ ಸೌದಿ ಎರಡು ಗೋಲು ಹೊಡೆದು 2–1ರಿಂದ ಗೆದ್ದಿತು. ಮುಂದೆ ಅದೇ ಅರ್ಜೆಂಟೀನಾ ಕಪ್ ಎತ್ತಿತು. ಆದರೂ ಆಫ್‌ಸೈಡ್ ಯಾಕಿದೆ ಅಂತ ಯಾರಾದರೂ ಕೇಳಿದರೆ ನಾನು ಇವತ್ತಿಗೂ ತೋರಿಸುವುದು ಆ ಮೊದಲರ್ಧವನ್ನೇ.

ತೊಂದರೆ ಏನೆಂದರೆ ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತದೆ. ಡಿಫೆಂಡರ್‌ಗಳ ಸಾಲು ಅರ್ಧ ಹೊತ್ತು ಪರದೆಯ ಹೊರಗಿರುತ್ತದೆ. ಬೆಂಗಳೂರಿನಲ್ಲಿ ಇದ್ದರೆ ಒಮ್ಮೆಯಾದರೂ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಆಟ ನೋಡಿ. ಆದಷ್ಟು ಮೇಲಿನ ಸಾಲಿನಲ್ಲಿ ಕೂರಿ. ಸುನಿಲ್ ಛೆಟ್ರಿ ಎತ್ತರದ ಆಳಲ್ಲ, ಐದು ಅಡಿ ಏಳು ಇಂಚಿನ ಆಸುಪಾಸು. ಆದರೂ ತಮಗಿಂತ ಉದ್ದದ ಡಿಫೆಂಡರ್‌ಗಳ ನಡುವೆ ತಲೆಯಿಂದ ಎಷ್ಟೋ ಗೋಲು ಹೊಡೆದಿದ್ದಾರೆ. ಚೆಂಡು ಬೇರೆ ಕಡೆ ಇರುವಾಗ ಅವರು ಏನು ಮಾಡುತ್ತಾರೆ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಇಬ್ಬರು ಡಿಫೆಂಡರ್‌ಗಳ ನಡುವೆ, ಇಬ್ಬರಿಗೂ ನೇರ ಕಾಣದ ಕಡೆ ಹೋಗಿ ನಿಲ್ಲುತ್ತಾರೆ. ಇದು ಮೇಲಿನ ಸಾಲಿನಿಂದ ಕಾಣುವಷ್ಟು ಟಿವಿಯಲ್ಲಿ ಕಾಣುವುದಿಲ್ಲ.

ಫಾರ್ಮುಲಾ ಒನ್: ಸೆಕೆಂಡಿನಲ್ಲಿ ಅಳೆಯುವ ಜಾಗ

ರೇಸಿಂಗ್‌ನಲ್ಲಿ ಖಾಲಿ ಜಾಗವನ್ನು ಮೀಟರ್‌ನಲ್ಲಿ ಅಳೆಯುವುದಿಲ್ಲ, ಸೆಕೆಂಡಿನಲ್ಲಿ ಅಳೆಯುತ್ತಾರೆ. ಅದಕ್ಕೇ ಮೊದಲ ಸಲ ನೋಡುವವರಿಗೆ ಕಾರುಗಳು ಸುಮ್ನೆ ಸಾಲಾಗಿ ಹೋಗುತ್ತಿವೆ ಅನ್ನಿಸುತ್ತದೆ.

ಮೊದಲು ಮುಂದಿನ ಜಾಗ. ಫಾರ್ಮುಲಾ ಒನ್ ಕಾರು ತಿರುವಿನಲ್ಲಿ ಅಷ್ಟು ವೇಗವಾಗಿ ಹೋಗಲು ಗಾಳಿಯೇ ಆಧಾರ. ಕಾರಿನ ರೆಕ್ಕೆಗಳು ಮತ್ತು ತಳಭಾಗ ಗಾಳಿಯನ್ನು ಬಳಸಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತವೆ. ಮುಂದೆ ಇನ್ನೊಂದು ಕಾರು ಇದ್ದರೆ ಅದು ಗಾಳಿಯನ್ನು ಕಲಕಿ ಹಿಂದಕ್ಕೆ ಬಿಡುತ್ತದೆ. ಹಿಂದಿನ ಕಾರಿನ ಹಿಡಿತ ಸಡಿಲವಾಗುತ್ತದೆ, ಟೈರ್ ಜಾರುತ್ತದೆ, ಜಾರಿದ ಟೈರ್ ಬಿಸಿಯಾಗಿ ಬೇಗ ಸವೆಯುತ್ತದೆ. ಫಾರ್ಮುಲಾ ಒನ್ ಸಂಸ್ಥೆಯೇ ಕೊಟ್ಟ ಲೆಕ್ಕದ ಪ್ರಕಾರ, 2021ರ ತನಕದ ಕಾರುಗಳು ಮುಂದಿನ ಕಾರಿಗೆ ಹತ್ತು ಮೀಟರ್ ಹತ್ತಿರ ಬಂದರೆ ಆ ಒತ್ತುವ ಬಲದಲ್ಲಿ ಶೇ 46ರಷ್ಟು ಕಳೆದುಕೊಳ್ಳುತ್ತಿದ್ದವು. 2022ರ ಹೊಸ ವಿನ್ಯಾಸದ ಗುರಿ ಅದನ್ನು ಶೇ 18ಕ್ಕೆ ಇಳಿಸುವುದಾಗಿತ್ತು. ಹಾಗಾಗಿ ವೇಗದ ಕಾರು ನಿಧಾನದ ಕಾರಿನ ಬೆನ್ನಿಗೆ ಅಂಟಿಕೊಂಡು ಸುಮ್ಮನೆ ಬರುತ್ತಿದ್ದರೆ ಚಾಲಕನಿಗೆ ಧೈರ್ಯ ಸಾಲದು ಅಂದುಕೊಳ್ಳಬೇಡಿ. ಅವನಿಗೆ ಬೇಕಿರುವುದು ಕಲಕದ ಗಾಳಿ.

ಇನ್ನು ಹಿಂದಿನ ಜಾಗ. ಇದು ಇನ್ನೂ ಮಜಾ. ಒಣ ರಸ್ತೆಯ ರೇಸ್‌ನಲ್ಲಿ ಕನಿಷ್ಠ ಎರಡು ಬಗೆಯ ಟೈರ್ ಬಳಸಲೇಬೇಕು. ಕೆಂಪು ಗುರುತಿನದು ಮೆದು, ವೇಗ ಜಾಸ್ತಿ, ಬಾಳಿಕೆ ಕಡಿಮೆ. ಬಿಳಿಯದು ಗಟ್ಟಿ. ಹಳದಿ ನಡುವಿನದು. ಅಂದರೆ ಎಲ್ಲರೂ ಒಮ್ಮೆಯಾದರೂ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಟೈರ್ ಬದಲಿಸುವ ಜಾಗಕ್ಕೆ ಬರಬೇಕು. ಟೈರ್ ಬದಲಿಸಲು ಹಿಡಿಯುವುದು ಎರಡು ಸೆಕೆಂಡ್ ಚಿಲ್ಲರೆ. 2023ರಲ್ಲಿ ಕತಾರ್‌ನಲ್ಲಿ ಮೆಕ್‌ಲಾರೆನ್ ತಂಡ 1.80 ಸೆಕೆಂಡಿನಲ್ಲೇ ಮುಗಿಸಿತ್ತು. ಆದರೆ ಪಿಟ್ ಲೇನ್‌ನಲ್ಲಿ ಹೆಚ್ಚಿನ ಕಡೆ ಗಂಟೆಗೆ 80 ಕಿಲೋಮೀಟರ್ ಮೀರುವಂತಿಲ್ಲ. ಒಳಗೆ ಬಂದು ಹೊರಗೆ ಹೋಗುವಷ್ಟರಲ್ಲಿ ಸುಮಾರು ಇಪ್ಪತ್ತು ಸೆಕೆಂಡ್ ಖರ್ಚು. ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಇದು ಬೇರೆ.

ಈಗ ಪರದೆಯ ಎಡಗಡೆಯ ಹೆಸರುಗಳ ಪಟ್ಟಿ ನೋಡಿ. ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ನಿಮ್ಮ ಚಾಲಕನ ಹಿಂದೆ ಇಪ್ಪತ್ತು ಸೆಕೆಂಡ್ ದೂರದಲ್ಲಿ ಯಾರಿದ್ದಾರೆ? ಯಾರೂ ಇಲ್ಲದಿದ್ದರೆ ಈಗ ಪಿಟ್‌ಗೆ ಬಂದರೆ ಖಾಲಿ ರಸ್ತೆ ಸಿಗುತ್ತದೆ. ನಿಧಾನದ ನಾಲ್ಕು ಕಾರು ಇದ್ದರೆ ಅವುಗಳ ಹಿಂದೆ ಸಿಕ್ಕಿಕೊಂಡು ಹೊಸ ಟೈರ್ ದಂಡವಾಗುತ್ತದೆ. ಎಂಜಿನಿಯರ್‌ಗಳು ರೇಸ್ ಪೂರ್ತಿ ನೋಡುತ್ತಾ ಕೂರುವುದು ಈ ಕಿಂಡಿಯನ್ನೇ. ಅಂಡರ್‌ಕಟ್ ಅನ್ನುವ ತಂತ್ರವೂ ಇದೇ ಲೆಕ್ಕದ್ದು. ಹಿಂದಿರುವವನು ಒಂದು ಲ್ಯಾಪ್, ಅಂದರೆ ಒಂದು ಸುತ್ತು ಮೊದಲೇ ಪಿಟ್‌ಗೆ ಹೋಗುತ್ತಾನೆ. ಹೊಸ ಟೈರ್, ಖಾಲಿ ರಸ್ತೆ. ಆ ಒಂದು ಲ್ಯಾಪ್ ಜೋರಾಗಿ ಓಡಿಸುತ್ತಾನೆ. ಮುಂದಿದ್ದವನು ಮರು ಲ್ಯಾಪ್ ಪಿಟ್‌ನಿಂದ ಹೊರಬರುವಷ್ಟರಲ್ಲಿ ಇವನು ದಾಟಿಹೋಗಿರುತ್ತಾನೆ. ಟ್ರ್ಯಾಕ್ ಮೇಲೆ ಯಾರೂ ಯಾರನ್ನೂ ಓವರ್‌ಟೇಕ್ ಮಾಡಲಿಲ್ಲ, ಆದರೂ ಸ್ಥಾನ ಬದಲಾಯಿತು.

ಇದನ್ನೆಲ್ಲ ಒಂದೇ ರೇಸ್‌ನಲ್ಲಿ ನೋಡಬೇಕು ಅಂದರೆ ನಾನು ಹೇಳುವುದು 2019ರ ಹಂಗೆರಿ. ಬುಡಾಪೆಸ್ಟ್ ಬಳಿಯ ಹಂಗರೋರಿಂಗ್ ಇಕ್ಕಟ್ಟಾದ ಟ್ರ್ಯಾಕ್. ಮುಂದೆ ಮ್ಯಾಕ್ಸ್ ವರ್ಸ್ಟಾಪನ್, ಹಿಂದೆ ಲೂಯಿಸ್ ಹ್ಯಾಮಿಲ್ಟನ್. ಹ್ಯಾಮಿಲ್ಟನ್ ಪಕ್ಕಕ್ಕೆ ಬಂದು ನುಗ್ಗಲು ನೋಡಿದರು, ಆಗಲಿಲ್ಲ. ಅವರ ತಂಡ ಮರ್ಸಿಡಿಸ್‌ನ ಎಂಜಿನಿಯರ್‌ಗಳು ಹಿಂದೆ ನೋಡಿದರು. ಮೂರನೇ ಸ್ಥಾನದ ಫೆರಾರಿ ತುಂಬಾ ದೂರ. ಅಂದರೆ ಇನ್ನೊಮ್ಮೆ ಟೈರ್ ಬದಲಿಸಿದರೂ ಎರಡನೇ ಸ್ಥಾನ ಎಲ್ಲೂ ಹೋಗುವುದಿಲ್ಲ. 70 ಲ್ಯಾಪ್‌ನ ರೇಸ್‌ನಲ್ಲಿ 48ನೇ ಲ್ಯಾಪ್‌ಗೆ ಹ್ಯಾಮಿಲ್ಟನ್‌ರನ್ನು ಕರೆದರು. ಹೊರಗೆ ಬಂದಾಗ ಸುಮಾರು ಇಪ್ಪತ್ತು ಸೆಕೆಂಡ್ ಹಿಂದೆ. ವರ್ಸ್ಟಾಪನ್ ಈಗ ಇಕ್ಕಟ್ಟಿಗೆ ಸಿಕ್ಕಿದರು. ತಾವೂ ಪಿಟ್‌ಗೆ ಹೋದರೆ ಹ್ಯಾಮಿಲ್ಟನ್ ಹಿಂದೆ ಬರಬೇಕು. ಹೋಗದಿದ್ದರೆ ಸವೆದ ಟೈರ್‌ನಲ್ಲೇ ಕೊನೆತನಕ ಎಳೆಯಬೇಕು. ಅಲ್ಲಿಂದ ಮುಂದೆ ಆ ಅಂತರ ಲ್ಯಾಪ್‌ನಿಂದ ಲ್ಯಾಪ್‌ಗೆ ಕರಗಿತು. 67ನೇ ಲ್ಯಾಪ್‌ನಲ್ಲಿ ಮೊದಲ ತಿರುವಿಗೆ ಮುನ್ನವೇ ಹ್ಯಾಮಿಲ್ಟನ್ ದಾಟಿಹೋದರು. ಆ ಓವರ್‌ಟೇಕ್ ಮಾತ್ರ ನೋಡಿದವರಿಗೆ ಅದು ಸುಲಭದ ಕೆಲಸದಂತೆ ಕಂಡಿರಬಹುದು. ಅದಕ್ಕೆ ಜಾಗ ಮಾಡಿಕೊಟ್ಟಿದ್ದು ಹತ್ತೊಂಬತ್ತು ಲ್ಯಾಪ್ ಹಿಂದಿನ ಒಂದು ತೀರ್ಮಾನ.

ಜಾಗವೇ ಇಲ್ಲದ ಟ್ರ್ಯಾಕ್ ಮೊನಾಕೊ. 2018ರಲ್ಲಿ ಅಲ್ಲಿ ಮುಂದಿದ್ದ ಡೇನಿಯಲ್ ರಿಕಾರ್ಡೊ ಕಾರಿನ ವಿದ್ಯುತ್ ಮೋಟಾರ್ ನಡುವೆಯೇ ಕೈಕೊಟ್ಟಿತು. ಸುಮಾರು 160 ಅಶ್ವಶಕ್ತಿ ಹೋಯಿತು. ಆದರೂ ಹಿಂದಿದ್ದ ಸೆಬಾಸ್ಟಿಯನ್ ವೆಟಲ್‌ಗೆ ದಾಟಲು ಆಗಲಿಲ್ಲ. 2025ರಲ್ಲಿ ಅದೇ ಬೀದಿಗಳಲ್ಲಿ ಬೆಂಗಳೂರಿನ ಕುಶ್ ಮೈನಿ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂನಲ್ಲಿ ಸ್ಪ್ರಿಂಟ್ ರೇಸ್ ಗೆದ್ದರು. ಮೊದಲ ಸ್ಥಾನದಲ್ಲಿ ಹೊರಟು ಮೊದಲ ಸ್ಥಾನದಲ್ಲೇ ಮುಗಿಸಿದರು. ಗೋಡೆಗಳ ನಡುವೆ ಒಂದು ತಪ್ಪೂ ಮಾಡದೆ ಮುಂದಿನ ಜಾಗ ಕಾಯುವುದು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೆ ಆ ಗೆಲುವಿನ ಬೆಲೆ ಗೊತ್ತು.

ಸೇಫ್ಟಿ ಕಾರ್ ಬಂದರೆ ಮಾತ್ರ ಈ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಅಪಘಾತವಾದಾಗ ಎಲ್ಲರೂ ಅದರ ಹಿಂದೆ ಸಾಲು ಹಿಡಿಯುತ್ತಾರೆ. ಗಳಿಸಿದ ಅಂತರ ಸೊನ್ನೆ. 2021ರ ಅಬುಧಾಬಿಯಲ್ಲಿ ಆಗಿದ್ದು ಅದೇ. ಹಳೆ ಟೈರ್‌ನ ಹ್ಯಾಮಿಲ್ಟನ್ ಹಿಂದೆಯೇ ಹೊಸ ಟೈರ್‌ನ ವರ್ಸ್ಟಾಪನ್ ಬಂದು ನಿಂತರು. ಕೊನೆಯ ಲ್ಯಾಪ್‌ನಲ್ಲಿ ಚಾಂಪಿಯನ್‌ಶಿಪ್ ಕೈ ಬದಲಾಯಿತು.

ರಗ್ಬಿ: ಗುದ್ದಾಟ ನಡೆಯುವುದು ಬೇರೆ ಕಡೆಯ ಜಾಗಕ್ಕೆ

ನಮ್ಮಲ್ಲಿ ಜನರಿಗೆ ಹೆಚ್ಚು ಗೊತ್ತಿಲ್ಲದ ಆಟ ಇದು. ನನಗೆ ಮೂರರಲ್ಲಿ ತುಂಬಾ ಪ್ರೀತಿ ಇದರ ಮೇಲೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಕಡೆ ಹದಿನೈದು ಜನ. ಎಂಬತ್ತು ನಿಮಿಷ. ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಒತ್ತಿದರೆ ಟ್ರೈ, ಐದು ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಪೆನಾಲ್ಟಿ ಕಿಕ್‌ಗೆ ಮತ್ತು ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲಿಗೆ ಮೂರು ಮೂರು. ಕೈಯಿಂದ ಚೆಂಡನ್ನು ಮುಂದಕ್ಕೆ ಕೊಡುವಂತಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಮುಂದೆ ಹೋಗಬೇಕಾದರೆ ಹಿಡಿದು ಓಡಬೇಕು, ಇಲ್ಲವೇ ಒದೆಯಬೇಕು.

ಮೈದಾನದ ಅಗಲ ಹೆಚ್ಚೆಂದರೆ 70 ಮೀಟರ್. ಒದ್ದ ಚೆಂಡು ಹಿಡಿಯಲು ಹಿಂದೆ ಒಂದಿಬ್ಬರನ್ನು ಬಿಟ್ಟು ಉಳಿದವರು ಅಡ್ಡಕ್ಕೆ ಗೋಡೆಯಂತೆ ನಿಂತರೆ ಒಬ್ಬೊಬ್ಬರ ಪಾಲಿಗೆ ಐದಾರು ಮೀಟರ್. ಅಲ್ಲಿ ನುಸುಳಲು ಜಾಗ ಇಲ್ಲ. ಗೋಡೆಯಿಂದ ಇಟ್ಟಿಗೆ ಕೀಳಬೇಕು. ಕೀಳುವ ಕೆಲಸ ನಡೆಯುವುದು ಒಬ್ಬರ ಮೇಲೊಬ್ಬರು ಬೀಳುವ ಆ ಗುಂಪಿನಲ್ಲಿ, ಅಂದರೆ ರಕ್‌ನಲ್ಲಿ.

ಚೆಂಡು ಹಿಡಿದವನನ್ನು ಕೆಡವಿದ ಕೂಡಲೇ ಅವನು ಚೆಂಡು ಬಿಡಬೇಕು. ಕೆಡವಿದವನು ಅವನನ್ನು ಬಿಡಬೇಕು. ಈಗ ನೆಲದ ಮೇಲಿರುವ ಚೆಂಡಿನ ಮೇಲೆ ಎರಡೂ ತಂಡದವರು ಕಾಲ ಮೇಲೆ ನಿಂತು ಒಬ್ಬರನ್ನೊಬ್ಬರು ತಳ್ಳುತ್ತಾರೆ. ತಮ್ಮ ತಂಡದ ಹಿಂಬದಿಯಿಂದಲೇ ಬರಬೇಕು, ಪಕ್ಕದಿಂದ ನುಗ್ಗಿದರೆ ಪೆನಾಲ್ಟಿ. ಗುಂಪಿನಲ್ಲಿಲ್ಲದ ಉಳಿದವರು ತಮ್ಮ ಕಡೆಯ ಕೊನೆಯ ಕಾಲಿನ ಹಿಂದೆ ಇರಬೇಕು. ಇದೇ ರಗ್ಬಿಯ ಆಫ್‌ಸೈಡ್ ಗೆರೆ. ಪ್ರತಿ ರಕ್‌ಗೂ ಹೊಸದು.

ಮನೆಯವರ ಮೂರನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ರಕ್‌ನೊಳಗೆ ದಾಳಿ ಮಾಡುವವರು ಇಬ್ಬರು ಹೋಗಿದ್ದಾರೆ, ತಡೆಯುವವರು ನಾಲ್ವರು ಸಿಕ್ಕಿಕೊಂಡಿದ್ದಾರೆ ಅಂದುಕೊಳ್ಳಿ. ಹಾಗಾದರೆ ಮೈದಾನದ ಇನ್ನೊಂದು ಕಡೆ ದಾಳಿಯವರು ಇಬ್ಬರು ಜಾಸ್ತಿ ಇದ್ದಾರೆ ಅಲ್ವಾ? ಚೆಂಡು ಎರಡು ಮೂರು ಸೆಕೆಂಡಿನಲ್ಲಿ ಹೊರಬಂದರೆ ಆ ಕೊರತೆ ತುಂಬಿಕೊಳ್ಳಲು ತಡೆಯುವವರಿಗೆ ಸಮಯವಿಲ್ಲ. ಅವರಿನ್ನೂ ಏಳುತ್ತಿರುತ್ತಾರೆ, ಹಿಂದಕ್ಕೆ ಸರಿಯುತ್ತಿರುತ್ತಾರೆ. ಐದಾರು ಸೆಕೆಂಡ್ ತಡವಾದರೆ ಗೋಡೆ ಮತ್ತೆ ಎದ್ದಿರುತ್ತದೆ. ಹಾಗಾಗಿ ರಕ್ ನೋಡುವಾಗ ಗುಂಪನ್ನು ಬಿಡಿ. ಗುಂಪಿನ ಹೊರಗೆ ಎರಡೂ ಕಡೆ ಎಷ್ಟು ಜನ ನಿಂತಿದ್ದಾರೆ ಎಣಿಸಿ.

ಕೆಲವರಿಗೆ ಬೇಸರ ತರುವ ಇನ್ನೊಂದು ವಿಷಯ, ಕಷ್ಟಪಟ್ಟು ಗಳಿಸಿದ ಚೆಂಡನ್ನು ದೂರ ಒದ್ದುಬಿಡುವುದು. ಅದೂ ಜಾಗದ ವ್ಯಾಪಾರವೇ. ಗೋಡೆಯಲ್ಲಿ ಎಲ್ಲರೂ ನಿಂತಿದ್ದರೆ ಹಿಂದೆ ಖಾಲಿ. 2021ರಲ್ಲಿ ಬಂದ ಒಂದು ನಿಯಮ ಇದನ್ನು ಚೆನ್ನಾಗಿ ಬಳಸಿಕೊಂಡಿತು. ನಿಮ್ಮ ಅರ್ಧದಿಂದ ಒದ್ದ ಚೆಂಡು ನೆಲಕ್ಕೆ ಬಡಿದು ಎದುರಾಳಿಯ 22 ಮೀಟರ್ ಗೆರೆಯೊಳಗೆ ಪಕ್ಕದ ಗೆರೆ ದಾಟಿದರೆ, ಲೈನ್‌ಔಟ್‌ನಲ್ಲಿ, ಅಂದರೆ ಹೊರಹೋದ ಚೆಂಡನ್ನು ಮತ್ತೆ ಆಟಕ್ಕೆ ತರುವಾಗ, ಚೆಂಡು ಎಸೆಯುವ ಹಕ್ಕು ನಿಮಗೇ. ಸಾಮಾನ್ಯವಾಗಿ ಅದು ಎದುರಾಳಿಗೆ ಹೋಗುತ್ತದೆ. ಈ ಭಯಕ್ಕೆ ತಡೆಯುವ ತಂಡ ಇಬ್ಬರನ್ನು ಹಿಂದೆ ಕಾವಲಿಗೆ ಕಳಿಸಬೇಕಾಯಿತು. ಅಷ್ಟರಮಟ್ಟಿಗೆ ಮುಂದಿನ ಗೋಡೆ ತೆಳುವಾಯಿತು.

ಎಷ್ಟು ಸಣ್ಣ ಜಾಗದ ಮೇಲೆ ಎಷ್ಟು ದೊಡ್ಡ ಕಪ್ ನಿಲ್ಲಬಹುದು ಎಂದರೆ, 2023ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು 29–28, ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 16–15, ಫೈನಲ್‌ನಲ್ಲಿ ನ್ಯೂಜಿಲೆಂಡ್ ಎದುರು 12–11ರಿಂದ ಗೆದ್ದಿತು. ಮೂರಕ್ಕೆ ಮೂರೂ ಒಂದೇ ಅಂಕ. ಟ್ರೈ ನಂತರದ ಕಿಕ್‌ಗೆ ಒದೆಯುವವನು ಓಡಲು ಶುರು ಮಾಡಿದ ಕೂಡಲೇ ಎದುರಾಳಿಗಳು ಗೆರೆಯಿಂದ ನುಗ್ಗಿ ತಡೆಯಬಹುದು. ಇದು ಫಲಿಸುವುದು ಅಪರೂಪ. ಆ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್‌ನ ತೋಮಾ ರಾಮೋಸ್ ಒದ್ದಾಗ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ಬಾಣದಂತೆ ಬಂದು ಚೆಂಡಿಗೆ ಅಡ್ಡ ಬಿದ್ದರು. ಎರಡು ಅಂಕ ಹೋಯಿತು. ಫ್ರಾನ್ಸ್ ಸೋತಿದ್ದು ಒಂದಂಕದಲ್ಲಿ.

ಆದರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು 2015ರ ಸೆಪ್ಟೆಂಬರ್ 19, ಬ್ರೈಟನ್, ಜಪಾನ್ ಮತ್ತು ದಕ್ಷಿಣ ಆಫ್ರಿಕಾ. ದಕ್ಷಿಣ ಆಫ್ರಿಕಾ ಆಗಲೇ ಎರಡು ಸಲ ವಿಶ್ವ ಚಾಂಪಿಯನ್. ಜಪಾನ್ ವಿಶ್ವಕಪ್‌ನಲ್ಲಿ ಅಲ್ಲಿಯ ತನಕ ಗೆದ್ದಿದ್ದು ಒಂದೇ ಪಂದ್ಯ, ಅದೂ 1991ರಲ್ಲಿ ಜಿಂಬಾಬ್ವೆ ಎದುರು. ಮೈತೂಕದಲ್ಲೂ ಹಗುರ. ಎಂಬತ್ತು ನಿಮಿಷ ಮುಗಿಯುತ್ತಾ ಬಂದಾಗ ಸ್ಕೋರ್ 32–29, ದಕ್ಷಿಣ ಆಫ್ರಿಕಾ ಮುಂದೆ. ಜಪಾನ್‌ಗೆ ಪೆನಾಲ್ಟಿ ಸಿಕ್ಕಿತು. ಒದ್ದರೆ ಮೂರು ಅಂಕ, ಪಂದ್ಯ ಸಮ. ಕೋಚ್ ಎಡ್ಡಿ ಜೋನ್ಸ್‌ಗೆ ಬೇಕಿದ್ದೂ ಅದೇ. ನಾಯಕ ಮೈಕಲ್ ಲೀಚ್ ಸ್ಕ್ರಮ್ ಕೇಳಿದರು.

ಹುಚ್ಚು ಧೈರ್ಯ ಅಂತ ಅನ್ನಿಸಬಹುದು. ಲೆಕ್ಕ ನೋಡಿ. ದಕ್ಷಿಣ ಆಫ್ರಿಕಾದ ಒಬ್ಬ ಆಟಗಾರ ಹಳದಿ ಕಾರ್ಡ್ ಪಡೆದು ಹೊರಗೆ ಕೂತಿದ್ದ. ಅವರಲ್ಲಿದ್ದವರು ಹದಿನಾಲ್ಕು ಜನ. ಸ್ಕ್ರಮ್ ಅಂದರೆ ದೊಡ್ಡ ಆಳುಗಳೆಲ್ಲ ಒಂದೇ ಕಡೆ ತಲೆ ಕೊಟ್ಟು ಸಿಕ್ಕಿಕೊಳ್ಳುತ್ತಾರೆ. ಉಳಿದ ಮೈದಾನದಲ್ಲಿ ಕಾಯುವವರು ಇನ್ನೂ ಕಡಿಮೆ. ರಗ್ಬಿಯಲ್ಲಿ ಸಮಯ ಮುಗಿದರೂ ಚೆಂಡು ಆಟದಲ್ಲಿ ಇರುವ ತನಕ ಪಂದ್ಯ ಮುಗಿಯುವುದಿಲ್ಲ. ಜಪಾನ್ ಮೊದಲು ಬಲಕ್ಕೆ ನುಗ್ಗಿತು. ತಡೆಯುವವರೆಲ್ಲ ಅತ್ತ ಎಳೆದುಕೊಂಡು ಹೋದರು. ಆಮೇಲೆ ಚೆಂಡು ಎಡಕ್ಕೆ ತಿರುಗಿತು. ಅಮಾನಾಕಿ ಮಾಫಿ ಒಬ್ಬನನ್ನು ಕೈಯಿಂದ ಒತ್ತಿ ಸರಿಸಿ ಪಾಸ್ ಕೊಟ್ಟರು. ಎಡಮೂಲೆಯಲ್ಲಿ ಬದಲಿ ಆಟಗಾರ ಕಾರ್ನ್ ಹೆಸ್ಕೆತ್ ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿದರು. 34–32. ಹೊರಗೆ ಕೂತಿದ್ದ ಆ ಹದಿನೈದನೆಯವನ ಜಾಗ ಕೊನೆಗೆ ಆ ಮೂಲೆಯಲ್ಲಿ ಖಾಲಿ ಬಿದ್ದಿತ್ತು.

ಎಲ್ಲಿಂದ ಶುರು ಮಾಡುವುದು

ರಗ್ಬಿಗೆ ಹೊಸಬರಾದರೆ ಸೆವೆನ್ಸ್ ನೋಡಿ. ಮೈದಾನ ಅಷ್ಟೇ ದೊಡ್ಡದು, ಆದರೆ ಒಂದು ಕಡೆ ಏಳೇ ಜನ. ಅರ್ಧಕ್ಕೆ ಏಳು ನಿಮಿಷ. ಜಾಗ ಧಾರಾಳವಾಗಿ ಇರುವುದರಿಂದ ಗ್ಯಾಪ್ ಹುಟ್ಟುವುದು ಕಣ್ಣಿಗೆ ನೇರವಾಗಿ ಕಾಣುತ್ತದೆ. 2016ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಪುಟ್ಟ ದೇಶ ಫಿಜಿ ಪುರುಷರ ಮೊದಲ ಎರಡು ಚಿನ್ನವನ್ನೂ ಗೆದ್ದಿತು. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್ ಕೂಡ ಸೆವೆನ್ಸ್ ಮಾದರಿಯದೇ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಅನ್ನುವ ತಂಡವೂ ಅದರಲ್ಲಿತ್ತು.

ಸಮಯದ ವಿಷಯದಲ್ಲಿ ನಮ್ಮ ಅದೃಷ್ಟ ಪರವಾಗಿಲ್ಲ. ಯುರೋಪಿನ ಹೆಚ್ಚಿನ ಫಾರ್ಮುಲಾ ಒನ್ ರೇಸ್‌ಗಳು ಭಾನುವಾರ ಸಂಜೆ ಆರೂವರೆಗೆ. ನ್ಯೂಜಿಲೆಂಡಿನಲ್ಲಿ ರಾತ್ರಿ ನಡೆಯುವ ರಗ್ಬಿ ಪಂದ್ಯ ನಮಗೆ ಶನಿವಾರ ಮಧ್ಯಾಹ್ನದ ಊಟದ ಹೊತ್ತು. ನಿದ್ದೆ ಕೆಡಿಸುವುದು ಯುರೋಪಿನ ಫುಟ್‌ಬಾಲ್ ಮಾತ್ರ. ಮುಂದಿನ ಪಂದ್ಯದಲ್ಲಿ ಮೊದಲ ಹತ್ತು ನಿಮಿಷ ಚೆಂಡು ಎಲ್ಲಿದೆ ಅಂತ ನೋಡಬೇಡಿ. ಚೆಂಡಿಲ್ಲದ ಕಡೆ ಯಾರು ಎತ್ತ ನಡೆಯುತ್ತಿದ್ದಾರೆ ಅಂತ ನೋಡಿ. ಮನೆಯವರು ಪಕ್ಕದಲ್ಲಿದ್ದರೆ ಅವರಿಗೂ ಇದನ್ನೇ ಹೇಳಿ.